ಸಂದರ್ಶಕರ ಫಾರಂನಲ್ಲಿ ಹೋದ ಹಕ್ಕು: ಸ್ಟ್ಯಾನ್‌ಫರ್ಡ್–ರೋಶ್ ಪ್ರಕರಣದ ಅಧ್ಯಯನ

ಕಂಪನಿಯೂ ವಿಶ್ವವಿದ್ಯಾಲಯವೂ ಕೂಡಿ ಸಂಶೋಧನೆಗೆ ಹೊರಟಾಗ ಮೊದಲು ಹಣದ ಮಾತಾಗುತ್ತದೆ, ಆಮೇಲೆ ಉಪಕರಣದ ಮಾತು. ಹುಟ್ಟಲಿರುವ ಆವಿಷ್ಕಾರ ಯಾರದು ಎಂಬುದನ್ನು ವಕೀಲರಿಗೆ ಬಿಟ್ಟು ಎಲ್ಲರೂ ಲ್ಯಾಬಿಗೆ ಹೋಗಿಬಿಡುತ್ತಾರೆ. ಹಾಗೆ ಬಿಟ್ಟದ್ದರ ಪರಿಣಾಮ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ರೋಶ್ ಎಂಬ ಔಷಧ ಕಂಪನಿಯ ನಡುವಿನ ವ್ಯಾಜ್ಯದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಇಲ್ಲಿ ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಸಂಶೋಧನೆ ಗೆದ್ದಿತು, ರೋಗಿಗಳಿಗೆ ಉಪಯೋಗವೂ ಆಯಿತು. ಆದರೆ 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ವಿಶ್ವವಿದ್ಯಾಲಯದ ಮೂರು ಪೇಟೆಂಟ್‌ಗಳು ಆ ಕಂಪನಿಯ ಎದುರು ನಿಲ್ಲಲಾರದೆ ಹೋದವು. ಇಪ್ಪತ್ತೆರಡು ವರ್ಷ ಹಿಂದೆ ಒಬ್ಬ ಯುವ ಸಂಶೋಧಕರು ಇನ್ನೊಂದು ಕಂಪನಿಯ ಲ್ಯಾಬಿನೊಳಗೆ ಹೋಗಲು ಸಹಿ ಹಾಕಿದ್ದ ಒಂದು ಫಾರಂ ಅದಕ್ಕೆ ಕಾರಣ.

ಇಬ್ಬರ ಕೈಯಲ್ಲೂ ಅರ್ಧರ್ಧ

ಕ್ಯಾಲಿಫೋರ್ನಿಯಾದ ಎಮೆರಿವಿಲ್‌ನಲ್ಲಿ ಸೀಟಸ್ ಎಂಬ ಜೈವಿಕ ತಂತ್ರಜ್ಞಾನ ಕಂಪನಿ ಇತ್ತು. ಪಿಸಿಆರ್ ಹುಟ್ಟಿದ್ದು ಅಲ್ಲಿ. ಕೋವಿಡ್ ಕಾಲದಲ್ಲಿ ನಾವೆಲ್ಲ ಮೂಗಿಗೆ ಕಡ್ಡಿ ಹಾಕಿಸಿಕೊಂಡು ವರದಿಗೆ ಕಾಯುತ್ತಿದ್ದೆವಲ್ಲ, ಆ ಆರ್‌ಟಿ-ಪಿಸಿಆರ್ ಪರೀಕ್ಷೆಯ ಬೇರು ಈ ತಂತ್ರ. ಮಾದರಿಯಲ್ಲಿರುವ ಅತ್ಯಲ್ಪ ಡಿಎನ್‌ಎಯನ್ನು ಸುತ್ತು ಸುತ್ತಾಗಿ ನಕಲು ಮಾಡಿ ಕೋಟಿಗಟ್ಟಲೆ ಪ್ರತಿಗಳಾಗಿ ಬೆಳೆಸುವ ವಿಧಾನ. ಸೀಟಸ್‌ನಲ್ಲಿದ್ದ ಕ್ಯಾರಿ ಮುಲ್ಲಿಸ್ ಅವರಿಗೆ ಇದಕ್ಕಾಗಿ 1993ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ರಕ್ತದಲ್ಲಿ ಎಚ್‌ಐವಿ ಎಷ್ಟಿದೆ ಎಂದು ಅಳೆಯಲು ಈ ತಂತ್ರವನ್ನು ಬಳಸುವ ಪ್ರಯತ್ನವನ್ನು ಕಂಪನಿ 1985ರಲ್ಲಿ ಶುರುಮಾಡಿತ್ತು.

ತಂತ್ರ ಕಂಪನಿಯಲ್ಲಿತ್ತು, ರೋಗಿಗಳು ಇರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಸಾಂಕ್ರಾಮಿಕ ರೋಗ ವಿಭಾಗದಲ್ಲಿ ರೋಗಿಗಳಿದ್ದರು, ಅವರ ರಕ್ತದ ಮಾದರಿಗಳಿದ್ದವು, ಹೊಸ ಏಡ್ಸ್ ಔಷಧಿ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕಾದ ತುರ್ತು ಇತ್ತು. 1988ರಲ್ಲಿ ಇಬ್ಬರೂ ಕೂಡಿ ಕೆಲಸ ಆರಂಭಿಸಿದರು. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವ ಇಂಥ ಜೋಡಿಯೇ ಫಲ ಕೊಡುವ ಜೋಡಿ. ಎರಡೂ ಕಡೆ ಒಂದೇ ಬಗೆಯ ಪರಿಣತಿ ಇದ್ದರೆ ಅದು ಸಹಭಾಗಿತ್ವ ಆಗುವುದಿಲ್ಲ, ಹೊರಗುತ್ತಿಗೆ ಆಗುತ್ತದೆ.

ಅದೇ ಸುಮಾರಿಗೆ ಡಾ. ಮಾರ್ಕ್ ಹೊಲೊಡ್ನಿ ಸಂಶೋಧನಾ ಫೆಲೋ ಆಗಿ ಆ ವಿಭಾಗಕ್ಕೆ ಸೇರಿದರು. ಸೇರುವಾಗ ವಿಶ್ವವಿದ್ಯಾಲಯದ ಮಾಮೂಲಿ ಕರಾರಿಗೆ ಸಹಿ ಹಾಕಿದರು. ಕೆಲಸದಲ್ಲಿ ಹುಟ್ಟುವ ಆವಿಷ್ಕಾರಗಳ ಹಕ್ಕನ್ನು ಸ್ಟ್ಯಾನ್‌ಫರ್ಡ್‌ಗೆ ‘ವರ್ಗಾಯಿಸಲು ಒಪ್ಪುತ್ತೇನೆ’ ಎಂದು ಅದರಲ್ಲಿತ್ತು. ಅವರಿಗೆ ಪಿಸಿಆರ್ ಪರಿಚಯ ಕಡಿಮೆ. ಹಾಗಾಗಿ ಅವರ ಮೇಲ್ವಿಚಾರಕರು ಸೀಟಸ್‌ನಲ್ಲಿ ಕೆಲಸ ಮಾಡಲು ಏರ್ಪಾಡು ಮಾಡಿಕೊಟ್ಟರು. 1989ರಲ್ಲಿ ಸೀಟಸ್ ಅವರನ್ನು ಒಳಗೆ ಬಿಡುವ ಮುನ್ನ ‘ಸಂದರ್ಶಕರ ಗೋಪ್ಯತಾ ಕರಾರಿ’ಗೆ ಸಹಿ ಮಾಡಿಸಿಕೊಂಡಿತು. ಇಲ್ಲಿನ ಪ್ರವೇಶದಿಂದಾಗಿ ಹುಟ್ಟುವ ಕಲ್ಪನೆ, ಆವಿಷ್ಕಾರ, ಸುಧಾರಣೆಗಳ ಹಕ್ಕನ್ನು ಸೀಟಸ್‌ಗೆ ‘ವರ್ಗಾಯಿಸುವೆನು, ಮತ್ತು ಈ ಮೂಲಕ ವರ್ಗಾಯಿಸುತ್ತಿದ್ದೇನೆ’ ಎಂದು ಅದರ ಒಕ್ಕಣೆ. ಒಂಬತ್ತು ತಿಂಗಳು ಅವರು ಅಲ್ಲಿ ಕಂಪನಿಯ ವಿಜ್ಞಾನಿಗಳ ಜೊತೆ ಕೆಲಸ ಮಾಡಿದರು. ರಕ್ತದಲ್ಲಿನ ಎಚ್‌ಐವಿ ಪ್ರಮಾಣವನ್ನು ಪಿಸಿಆರ್‌ನಿಂದ ಲೆಕ್ಕ ಹಾಕುವ ವಿಧಾನ ಕೈಗೆ ಬಂತು. ಸ್ಟ್ಯಾನ್‌ಫರ್ಡ್‌ಗೆ ಮರಳಿ ಸಹೋದ್ಯೋಗಿಗಳೊಂದಿಗೆ ಅದನ್ನು ರೋಗಿಗಳ ಮಾದರಿಗಳ ಮೇಲೆ ಪರೀಕ್ಷಿಸಿದರು.

ಮುಂದೆ ದಾರಿ ಕವಲೊಡೆಯಿತು. 1991ರಲ್ಲಿ ರೋಶ್ ಸೀಟಸ್‌ನ ಪಿಸಿಆರ್ ಆಸ್ತಿಯನ್ನು 300 ದಶಲಕ್ಷ ಡಾಲರಿಗೆ ಕೊಂಡಿತು. ಅದರ ಜೊತೆ ಸೀಟಸ್ ಮಾಡಿಕೊಂಡಿದ್ದ ಕರಾರುಗಳ ಹಕ್ಕುಗಳೂ ಬಂದವು, ಸಂದರ್ಶಕರ ಫಾರಂನ ಹಕ್ಕು ಸಹ. ರೋಶ್‌ನ ಎಚ್‌ಐವಿ ಪರೀಕ್ಷಾ ಕಿಟ್ ಜಗತ್ತಿನ ಆಸ್ಪತ್ರೆಗಳಿಗೆ ಹೋಯಿತು. ಇತ್ತ ಸ್ಟ್ಯಾನ್‌ಫರ್ಡ್ 1992ರಲ್ಲಿ ಪೇಟೆಂಟ್ ಅರ್ಜಿ ಹಾಕಿತು. ಹೊಲೊಡ್ನಿ ಸೇರಿದಂತೆ ತನ್ನ ಸಂಶೋಧಕರಿಂದ ಹಕ್ಕು ವರ್ಗಾವಣೆ ಪತ್ರ ಬರೆಸಿಕೊಂಡಿತು. 1999, 2003 ಮತ್ತು 2006ರಲ್ಲಿ ಮೂರು ಪೇಟೆಂಟ್ ಸಿಕ್ಕವು. ರೋಶ್‌ಗೆ ಪರವಾನಗಿ ಕೊಡುವ ಮಾತುಕತೆ ಫಲಿಸಲಿಲ್ಲ. 2005ರಲ್ಲಿ ಸ್ಟ್ಯಾನ್‌ಫರ್ಡ್ ದಾವೆ ಹೂಡಿತು.

ಕ್ರಯದ ಕರಾರು, ಶುದ್ಧ ಕ್ರಯಪತ್ರ

ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿದ ಯಾರಿಗೂ ಈ ಎರಡು ಒಕ್ಕಣೆಗಳ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ‘ಮಾರಲು ಒಪ್ಪಿದ್ದೇನೆ’ ಎಂದರೆ ಕ್ರಯದ ಕರಾರು. ಅದರಿಂದ ಜಮೀನು ಕೈ ಬದಲಾಗುವುದಿಲ್ಲ, ಮುಂದೊಂದು ದಿನ ಬರೆದುಕೊಡುತ್ತೇನೆಂಬ ಮಾತು ಮಾತ್ರ ಸಿಗುತ್ತದೆ. ‘ಈ ಮೂಲಕ ಕ್ರಯಕ್ಕೆ ಕೊಟ್ಟಿದ್ದೇನೆ’ ಎಂದರೆ ಶುದ್ಧ ಕ್ರಯಪತ್ರ. ಸ್ಟ್ಯಾನ್‌ಫರ್ಡ್ ಕೈಯಲ್ಲಿ ಮೊದಲನೆಯದು ಇತ್ತು, ಸೀಟಸ್ ಕೈಯಲ್ಲಿ ಎರಡನೆಯದು. ದಿನಾಂಕದಲ್ಲಿ ಸ್ಟ್ಯಾನ್‌ಫರ್ಡ್ ಹಿಂದಿನದು, ಬಲದಲ್ಲಿ ಸೀಟಸ್ ಮುಂದಿನದು.

ಜಮೀನಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ, ಅದು ಮುಖ್ಯವಾದದ್ದು. ಸಹಿ ಹಾಕಿದ ದಿನ ಆವಿಷ್ಕಾರವೇ ಇರಲಿಲ್ಲ. ಇಲ್ಲದ ವಸ್ತುವನ್ನು ಈ ಕ್ಷಣ ವರ್ಗಾಯಿಸುವುದು ಹೇಗೆ? ಅಮೆರಿಕದ ಪೇಟೆಂಟ್ ಮೇಲ್ಮನವಿ ನ್ಯಾಯಾಲಯವಾದ ಫೆಡರಲ್ ಸರ್ಕ್ಯೂಟ್ 1991ರಿಂದ ಒಂದು ನಿಯಮ ಪಾಲಿಸುತ್ತ ಬಂದಿತ್ತು. ‘ಈ ಮೂಲಕ ವರ್ಗಾಯಿಸುತ್ತಿದ್ದೇನೆ’ ಎಂದು ಬರೆದಿದ್ದರೆ ಆವಿಷ್ಕಾರ ಹುಟ್ಟಿದಾಗ ಹಕ್ಕು ತಾನಾಗಿ ಪಡೆದವನಿಗೆ ಹೋಗುತ್ತದೆ, ಇನ್ನೊಂದು ಪತ್ರ ಬೇಕಿಲ್ಲ. 2009ರಲ್ಲಿ ಆ ನ್ಯಾಯಾಲಯ ಇದೇ ನಿಯಮವನ್ನು ಇಲ್ಲಿಗೂ ಹಚ್ಚಿತು. ಹೊಲೊಡ್ನಿಯವರ ಪಾಲು ಮೊದಲೇ ಸೀಟಸ್‌ಗೆ ಹೋಗಿಯಾಗಿತ್ತು, ಆಮೇಲೆ ಸ್ಟ್ಯಾನ್‌ಫರ್ಡ್‌ಗೆ ಬರೆದುಕೊಡಲು ಅವರ ಬಳಿ ಏನೂ ಉಳಿದಿರಲಿಲ್ಲ. ಹೀಗೆ ರೋಶ್ ಸಹ ಒಡೆಯನಾಯಿತು. ಅಲ್ಲಿನ ಕಾನೂನಿನಂತೆ ಸಹ ಒಡೆಯನು ಇನ್ನೊಬ್ಬರನ್ನು ಕೇಳದೆ, ಲಾಭ ಹಂಚದೆ ಪೇಟೆಂಟನ್ನು ಬಳಸಬಹುದು. ಎಲ್ಲ ಒಡೆಯರೂ ಜೊತೆಗೂಡದೆ ಉಲ್ಲಂಘನೆಯ ದಾವೆಯೂ ನಿಲ್ಲುವುದಿಲ್ಲ. ತಾನೇ ಒಡೆಯನೆಂದು ಘೋಷಿಸಿಕೊಳ್ಳಲು ರೋಶ್ ಹಾಕಿದ್ದ ಪ್ರತಿದಾವೆ ಕಾಲಮಿತಿ ಮೀರಿತ್ತು. ಆದರೂ ‘ದಾವೆ ಹೂಡಲು ಸ್ಟ್ಯಾನ್‌ಫರ್ಡ್‌ಗೆ ಅರ್ಹತೆ ಇಲ್ಲ’ ಎಂಬ ವಾದಕ್ಕೆ ಆ ಕಾಲಮಿತಿ ಅಡ್ಡ ಬರಲಿಲ್ಲ. ಪ್ರಕರಣ ಅಲ್ಲಿಗೆ ಬಿತ್ತು.

ಸ್ಟ್ಯಾನ್‌ಫರ್ಡ್ ಬಳಿ ಇನ್ನೊಂದು ಅಸ್ತ್ರವಿತ್ತು. ಸಂಶೋಧನೆಯ ಒಂದು ಭಾಗಕ್ಕೆ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಾದ ಎನ್‌ಐಎಚ್ ಹಣ ಬಂದಿತ್ತು. ಸರ್ಕಾರದ ಹಣದಿಂದ ಹುಟ್ಟಿದ ಆವಿಷ್ಕಾರವನ್ನು ವಿಶ್ವವಿದ್ಯಾಲಯಗಳು ಉಳಿಸಿಕೊಳ್ಳಬಹುದೆಂದು 1980ರ ಬೇ–ಡೋಲ್ ಕಾಯ್ದೆ ಹೇಳುತ್ತದೆ. ಆದ್ದರಿಂದ ಹಕ್ಕು ನೇರವಾಗಿ ನಮ್ಮದು, ಹೊಲೊಡ್ನಿಯವರಿಗೆ ಕೊಡಲು ಏನೂ ಇರಲಿಲ್ಲ ಎಂದು ಸ್ಟ್ಯಾನ್‌ಫರ್ಡ್ ವಾದಿಸಿತು. ಮೊದಲು ವಿಚಾರಣೆ ನಡೆಸಿದ ಜಿಲ್ಲಾ ನ್ಯಾಯಾಲಯ ಇದನ್ನು ಒಪ್ಪಿತ್ತು. ಸುಪ್ರೀಂ ಕೋರ್ಟ್ 2011ರ ಜೂನ್ 6ರಂದು 7–2 ಬಹುಮತದಿಂದ ತಳ್ಳಿಹಾಕಿತು. ಆವಿಷ್ಕಾರದ ಹಕ್ಕು ಮೊದಲು ಆವಿಷ್ಕಾರಕನದು, 1790ರಿಂದ ಅಲ್ಲಿನ ಪೇಟೆಂಟ್ ಕಾನೂನು ನಡೆದುಬಂದದ್ದು ಹೀಗೆಯೇ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ‘ಉಳಿಸಿಕೊಳ್ಳಬಹುದು’ ಎಂಬ ಮಾತು ಈಗಾಗಲೇ ಕೈಗೆ ಬಂದಿರುವುದಕ್ಕೆ ಸಲ್ಲುತ್ತದೆ, ಬಾರದೆ ಇರುವುದಕ್ಕೆ ಅಲ್ಲ ಎಂಬುದು ಅವರ ತರ್ಕ. ಎರಡು ಒಕ್ಕಣೆಗಳ ಹೆಚ್ಚುಕಡಿಮೆಯನ್ನು ಸುಪ್ರೀಂ ಕೋರ್ಟ್ ತೂಗಿ ನೋಡಲಿಲ್ಲ. ಆ 1991ರ ನಿಯಮ ಸರಿಯೇ ಎಂಬ ಅನುಮಾನವನ್ನು ನ್ಯಾಯಮೂರ್ತಿ ಬ್ರೇಯರ್ ತಮ್ಮ ಭಿನ್ನಮತದಲ್ಲಿ, ನ್ಯಾಯಮೂರ್ತಿ ಸೋಟೊಮೇಯರ್ ತಮ್ಮ ಸಹಮತದಲ್ಲಿ ಎತ್ತಿದರು. ನಮಗೂ ಆ ಅನುಮಾನದಲ್ಲಿ ಹುರುಳಿದೆ ಅನಿಸುತ್ತದೆ. ಎರಡು ಪದಗಳ ಕಾಲರೂಪದ ಮೇಲೆ ಇಷ್ಟು ದೊಡ್ಡ ಒಡೆತನ ನಿಲ್ಲಬಾರದು. ಆದರೆ ಒಪ್ಪಂದ ಬರೆಯುವವರು ಇರುವ ಕಾನೂನಿಗೆ ಬರೆಯಬೇಕು.

ಬಿಟ್ಟುಹೋದ ಕೊಂಡಿಗಳು

ತಪ್ಪೆಲ್ಲ ಆ ಒಂದು ಪದದ್ದು ಎಂದು ಕೈ ತೊಳೆದುಕೊಂಡರೆ ಈ ಪ್ರಕರಣವನ್ನು ಅರ್ಧ ಓದಿದಂತೆ. ಸ್ಟ್ಯಾನ್‌ಫರ್ಡ್ ಮತ್ತು ಸೀಟಸ್ ಸಂಸ್ಥೆಗಳ ನಡುವೆ ಬೇರೆ ಕರಾರುಗಳಿದ್ದವು, ಸೀಟಸ್‌ನ ಸಾಮಗ್ರಿ ಬಳಸಲು ಮಾಡಿಕೊಂಡ ಸಾಮಗ್ರಿ ವರ್ಗಾವಣೆ ಒಪ್ಪಂದ ಅವುಗಳಲ್ಲೊಂದು. ಸಂಸ್ಥೆ ಸಂಸ್ಥೆಯ ಜೊತೆ ಒಂದು ಮಾತಾಡಿತ್ತು, ಗೇಟಿನ ಫಾರಂ ಒಬ್ಬ ವ್ಯಕ್ತಿಯ ಜೊತೆ ಇನ್ನೊಂದು ಮಾತಾಡಿತು. ಎರಡೂ ಎದುರುಬದುರಾದರೆ ಯಾವುದು ಮೇಲು ಎಂದು ಯಾರೂ ಬರೆದಿರಲಿಲ್ಲ. ಗೋಪ್ಯತೆಯ ಹೆಸರಿನ ಕಾಗದದಲ್ಲಿ ಒಡೆತನದ ಸಾಲು ಅಡಗಿತ್ತು ಎಂಬುದು ಇನ್ನೊಂದು. ‘ಗೋಪ್ಯತಾ ಕರಾರು’ ಎಂಬ ತಲೆಬರಹ ನೋಡಿದ ಸಂಶೋಧಕ, ಗುಟ್ಟು ಬಿಟ್ಟುಕೊಡಬಾರದು ಅಷ್ಟೇ ತಾನೆ ಎಂದು ಸಹಿ ಹಾಕುತ್ತಾನೆ. ಅದು ಸಹಜ.

ಮೂರನೆಯದು ಕಾಲಕ್ಕೆ ಸಂಬಂಧಿಸಿದ್ದು. 1989ರ ಫಾರಂಗೂ 1992ರ ಅರ್ಜಿಗೂ ನಡುವೆ ಮೂರು ವರ್ಷ. ಅರ್ಜಿ ಹಾಕುವ ಹೊತ್ತಿಗೆ ‘ಈ ಕೆಲಸದ ಅವಧಿಯಲ್ಲಿ ಎಲ್ಲೆಲ್ಲಿ ಕೂತು ಕೆಲಸ ಮಾಡಿದಿರಿ, ಅಲ್ಲಿ ಏನೇನಕ್ಕೆ ಸಹಿ ಹಾಕಿದಿರಿ’ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೈಯಲ್ಲಿದ್ದಿದ್ದರೆ, ಮಾತುಕತೆಗೆ ಆಗಲೇ ಕೂರಬಹುದಿತ್ತು. ಆ ಫಾರಂ ವಿಷಯ ತನಗೆ ಗೊತ್ತಿರಲಿಲ್ಲ ಎಂಬ ವಾದ ಸ್ಟ್ಯಾನ್‌ಫರ್ಡ್‌ಗೆ ನ್ಯಾಯಾಲಯದಲ್ಲಿ ನೆರವಾಗಲಿಲ್ಲ. ಸಹಿ ಹಾಕಿದವರು ಅದರದೇ ಸಂಶೋಧಕರು, ಆದ್ದರಿಂದ ಸಂಸ್ಥೆಗೂ ತಿಳಿದಿತ್ತೆಂದೇ ಎಣಿಕೆ.

ಹೇಗೆ ಕಟ್ಟಬೇಕಿತ್ತು

ಇಂಥ ಜೋಡಿಗೆ ಬೇಕಾದದ್ದು ಒಂದು ಮುಖ್ಯ ಸಂಶೋಧನಾ ಒಪ್ಪಂದ, ಅದರ ಕೆಳಗೆ ಯೋಜನೆಗೊಂದರಂತೆ ಕೆಲಸದ ವಿವರಪಟ್ಟಿ. ಮುಖ್ಯ ಒಪ್ಪಂದಕ್ಕೆ ವಿಶ್ವವಿದ್ಯಾಲಯದ ಪರವಾಗಿ ಸಹಿ ಹಾಕುವ ಅಧಿಕಾರ ಇರುವವರು ಸಹಿ ಹಾಕಬೇಕು. ಪ್ರಾಧ್ಯಾಪಕರಿಗೆ ಸಾಮಾನ್ಯವಾಗಿ ಆ ಅಧಿಕಾರ ಇರುವುದಿಲ್ಲ, ಅವರು ‘ಓದಿ ತಿಳಿದುಕೊಂಡಿದ್ದೇನೆ’ ಎಂದು ಬೇರೆಯಾಗಿ ಸಹಿ ಮಾಡಬೇಕು. ಅದರಲ್ಲಿ ಮೊದಲು ಬರೆಯಬೇಕಾದ ವಾಕ್ಯ ಇದು: ‘ಯಾವುದೇ ಪಕ್ಷದ ಆವರಣ ಪ್ರವೇಶಕ್ಕಾಗಿ, ತರಬೇತಿಗಾಗಿ ಅಥವಾ ಉಪಕರಣ ಬಳಕೆಗಾಗಿ ವ್ಯಕ್ತಿಗಳಿಂದ ಪಡೆದ ಯಾವುದೇ ಫಾರಂ ಈ ಒಪ್ಪಂದಕ್ಕೆ ವಿರುದ್ಧವಾದರೆ ಈ ಒಪ್ಪಂದವೇ ಊರ್ಜಿತ.’ ಈ ಒಂದು ಸಾಲು 1989ರಲ್ಲಿ ಇದ್ದಿದ್ದರೆ ಮುಂದಿನ ವ್ಯಾಜ್ಯದ ರೂಪವೇ ಬೇರೆಯಾಗುತ್ತಿತ್ತು.

ಆಮೇಲೆ ಹಳೆಯ ಸ್ವತ್ತು, ಹೊಸ ಸ್ವತ್ತು. ಯಾರು ಏನನ್ನು ಮೊದಲೇ ತಂದರು ಎಂಬ ಪಟ್ಟಿ ಅನುಬಂಧದಲ್ಲಿ ಇರಬೇಕು. ‘ಸೀಟಸ್‌ನ ಪಿಸಿಆರ್ ಜ್ಞಾನ’ ಎಂದು ಗಾಳಿಯಲ್ಲಿ ಬರೆದರೆ ಸಾಲದು. ಪೇಟೆಂಟ್ ಸಂಖ್ಯೆ, ಕಿಣ್ವ, ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಡಿಎನ್‌ಎ ತುಣುಕು) ಅನುಕ್ರಮ, ದಾಖಲಿತ ವಿಧಾನ, ಎಲ್ಲವೂ ಒಂದೊಂದಾಗಿ ಬರಬೇಕು. ಹೊಸದಾಗಿ ಹುಟ್ಟುವುದಕ್ಕೆ ಮೂರು ದಾರಿಗಳಿವೆ: ಕಂಡುಹಿಡಿದವರ ಸಂಸ್ಥೆಗೆ ಒಡೆತನ ಕೊಟ್ಟು ಕಂಪನಿಗೆ ಪರವಾನಗಿಯ ಮೊದಲ ಅವಕಾಶ ಕೊಡುವುದು; ವಿಷಯವಾರು ಹಂಚಿಕೆ, ಅಂದರೆ ಪಿಸಿಆರ್ ರಾಸಾಯನಿಕದ ಸುಧಾರಣೆ ಕಂಪನಿಗೆ, ರೋಗನಿರ್ಣಯದ ಬಳಕೆ ವಿಶ್ವವಿದ್ಯಾಲಯಕ್ಕೆ; ಅಥವಾ ಜಂಟಿ ಒಡೆತನ. ಜಂಟಿ ಒಡೆತನ ಕೇಳಲು ಚೆಂದ, ಬಾಳಲು ಕಷ್ಟ. ಅನಿವಾರ್ಯವಾದರೆ ಅರ್ಜಿ ಯಾರು ನಡೆಸುತ್ತಾರೆ, ಖರ್ಚು ಯಾರದು, ದಾವೆಗೆ ಇನ್ನೊಬ್ಬರು ಜೊತೆಯಾಗಲೇಬೇಕೇ ಎಂಬುದನ್ನು ಆಗಲೇ ಬರೆದುಕೊಳ್ಳಬೇಕು. ಈ ಪ್ರಕರಣದ ಕೂಡುಕೆಲಸಕ್ಕೆ ನಮ್ಮ ಮಟ್ಟಿಗೆ ಒಪ್ಪುವುದು ಎರಡನೆಯ ದಾರಿ, ವಿಷಯವಾರು ಹಂಚಿಕೆ.

ಕಂಪನಿಯ ಮೊದಲ ಅವಕಾಶಕ್ಕೆ ಗಡುವು ಬೇಕು. ಆವಿಷ್ಕಾರದ ತಿಳಿವಳಿಕೆ ಪತ್ರ ಕೈಸೇರಿದ ಮೇಲೆ 60ರಿಂದ 90 ದಿನದಲ್ಲಿ ಬೇಕೋ ಬೇಡವೋ ಹೇಳುವುದು, ಬೇಕೆಂದರೆ ಇನ್ನು ಮೂರರಿಂದ ಆರು ತಿಂಗಳಲ್ಲಿ ಷರತ್ತು ಮುಗಿಸುವುದು ಚಾಲ್ತಿಯಲ್ಲಿರುವ ರೂಢಿ. ಗಡುವಿಲ್ಲದ ಅವಕಾಶವೆಂದರೆ ಆವಿಷ್ಕಾರವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಂತೆ.

ಪ್ರಕಟಣೆಯ ವಿಷಯದಲ್ಲಿ ಜಗಳ ಹೆಚ್ಚು. ಅರ್ಜಿ ಹಾಕುವ ಮೊದಲು ಪ್ರಬಂಧ ಅಚ್ಚಾದರೆ ಯುರೋಪಿನಲ್ಲಿ ಪೇಟೆಂಟ್ ಆಸೆ ಬಿಡಬೇಕು. ಪ್ರಕಟಣೆ ತಡೆದರೆ ವಿದ್ಯಾರ್ಥಿಯ ಪದವಿ ನಿಲ್ಲುತ್ತದೆ. ಕಂಪನಿಗೆ ಹಸ್ತಪ್ರತಿ ನೋಡಲು 30 ದಿನ, ಅರ್ಜಿ ಸಿದ್ಧಪಡಿಸಲು ಬೇಕಾದರೆ ಮತ್ತೆ 60 ದಿನ. ಅದರಾಚೆ ಮೌನವೇ ಒಪ್ಪಿಗೆ ಎಂದು ಬರೆದರೆ ಇಬ್ಬರಿಗೂ ಉಸಿರಾಟ ಸಿಗುತ್ತದೆ. ಕಂಪನಿ ತನ್ನ ಗೋಪ್ಯ ಮಾಹಿತಿ ತೆಗೆಸಬಹುದು, ಫಲಿತಾಂಶ ತೆಗೆಸುವಂತಿಲ್ಲ. ಪಿಎಚ್‌ಡಿ ಪ್ರಬಂಧವನ್ನು ಯಾವ ಕಾರಣಕ್ಕೂ ಕಂಪನಿಯ ಒಪ್ಪಿಗೆಗೆ ಕಟ್ಟಿಹಾಕಬಾರದು. ಈ ಒಂದು ವಿಷಯದಲ್ಲಿ ವಿಶ್ವವಿದ್ಯಾಲಯ ಹಟ ಹಿಡಿಯುವುದು ನ್ಯಾಯ.

ಹಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಂತುಗಳು ಮುಂಗಡವಾಗಿ ಬರಬೇಕು, ಕಂಪನಿ ನಡುವೆ ಕೈಬಿಟ್ಟರೂ ಸೇರಿಸಿಕೊಂಡ ವಿದ್ಯಾರ್ಥಿಗಳ ವೇತನ ವರ್ಷ ಮುಗಿಯುವ ತನಕ ನಡೆಯಬೇಕು. ಕಂಪನಿಯ ಯೋಜನೆ ಮೂರು ತಿಂಗಳ ಲೆಕ್ಕದಲ್ಲಿ ಬದಲಾಗುತ್ತದೆ, ಪಿಎಚ್‌ಡಿ ನಾಲ್ಕೈದು ವರ್ಷದ ಬೆಳೆ. ಕಂಪನಿ ಮಾರಾಟವಾದರೆ ಏನು ಎಂಬುದೂ ಬರೆದಿರಲಿ. 1991ರಲ್ಲಿ ಆದದ್ದು ಅದೇ. ಕೊಂಡವರಿಗೆ ಹಕ್ಕಿನ ಜೊತೆ ಬಾಧ್ಯತೆಯೂ ಹೋಗುತ್ತದೆ, ವಿಶ್ವವಿದ್ಯಾಲಯಕ್ಕೆ 30 ದಿನದಲ್ಲಿ ಲಿಖಿತ ತಿಳಿವಳಿಕೆ ಕೊಡಬೇಕು ಎಂದಿದ್ದರೆ ಸಾಕು.

ತೀರ್ಪಿನ ನಂತರ ಅಲ್ಲಿನ ವಿಶ್ವವಿದ್ಯಾಲಯಗಳು ತಮ್ಮ ಫಾರಂಗಳನ್ನು ತಿದ್ದಿದವು. ಸ್ಟ್ಯಾನ್‌ಫರ್ಡ್‌ನ ಕರಾರಿಗೆ ‘ಈ ಮೂಲಕ ವರ್ಗಾಯಿಸುತ್ತಿದ್ದೇನೆ’ ಎಂಬ ಸಾಲು ಬಂತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2011ರಲ್ಲಿ ತನ್ನ ಸಿಬ್ಬಂದಿಯಿಂದ ತಿದ್ದುಪಡಿಗೆ ಸಹಿ ಪಡೆಯಿತು. 2018ರಲ್ಲಿ ಬೇ–ಡೋಲ್ ನಿಯಮಗಳಿಗೇ ತಿದ್ದುಪಡಿಯಾಗಿ, ಸರ್ಕಾರದ ಹಣ ಪಡೆಯುವ ಸಂಸ್ಥೆ ತನ್ನ ನೌಕರರಿಂದ ಹಕ್ಕು ವರ್ಗಾವಣೆಯ ಲಿಖಿತ ಕರಾರು ಪಡೆಯುವುದು ಕಡ್ಡಾಯವಾಯಿತು.

ಬೆಂಗಳೂರಿನಲ್ಲಿ ಇದೇ ಜೋಡಿಯಾದರೆ

ಭಾರತದಲ್ಲಿ ಬೇ–ಡೋಲ್‌ನಂಥ ಕಾಯ್ದೆ ಇಲ್ಲ. 2008ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆಯನ್ನು 2014ರಲ್ಲಿ ಹಿಂತೆಗೆದುಕೊಳ್ಳಲಾಯಿತು. ನೌಕರನ ಆವಿಷ್ಕಾರ ಮಾಲೀಕನದು ಎಂದು ಹೇಳುವ ಕಲಂ ಸಹ 1970ರ ಪೇಟೆಂಟ್ ಕಾಯ್ದೆಯಲ್ಲಿ ಇಲ್ಲ. ಹಾಗಾಗಿ ಭಾರ ಪೂರ್ತಿ ಕರಾರಿನ ಮೇಲೆ. 68ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಎಲ್ಲ ಷರತ್ತುಗಳೂ ಅದೇ ದಸ್ತಾವೇಜಿನಲ್ಲಿರಬೇಕು. ಆದ್ದರಿಂದ ನೌಕರಿಯ ಕರಾರಿನಲ್ಲಿರುವ ‘ಈ ಮೂಲಕ’ದ ಮೇಲೆ ಭರವಸೆ ಇಟ್ಟು ಕೂರಬಾರದು. ಪ್ರತಿ ಆವಿಷ್ಕಾರಕ್ಕೂ ಬೇರೆ ವರ್ಗಾವಣೆ ಪತ್ರ ಮಾಡಿಸಿ, ಪೇಟೆಂಟ್ ಸಿಕ್ಕ ಮೇಲೆ ಫಾರಂ 16ರಲ್ಲಿ ನೋಂದಾಯಿಸಬೇಕು. ಜಂಟಿ ಒಡೆತನದಲ್ಲಿ 50ನೇ ಕಲಂ ಅಮೆರಿಕಕ್ಕಿಂತ ಒಂದು ಹೆಜ್ಜೆ ಬಿಗಿ. ಸ್ವಂತಕ್ಕೆ ಬಳಸಿಕೊಳ್ಳಬಹುದು, ಆದರೆ ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಪರವಾನಗಿ ಕೊಡುವಂತಿಲ್ಲ, ಪಾಲು ಮಾರುವಂತಿಲ್ಲ. ಕಾರ್ಖಾನೆ ಇಲ್ಲದ ವಿಶ್ವವಿದ್ಯಾಲಯಕ್ಕೆ ಇದರಿಂದ ನಷ್ಟ. ಅದು ಸ್ವಂತಕ್ಕೆ ಬಳಸಲಾರದು, ಪರವಾನಗಿ ಕೊಡಲು ಕಂಪನಿಯ ಮುಖ ನೋಡಬೇಕು. ಒಪ್ಪಂದದಲ್ಲೇ ಆ ಒಪ್ಪಿಗೆಯನ್ನು ಮೊದಲೇ ಪಡೆದುಕೊಳ್ಳಬೇಕು.

ವಿದೇಶಿ ಕಂಪನಿ ಜೊತೆಗಿದ್ದರೆ 39ನೇ ಕಲಂ ನೆನಪಿರಲಿ. ಇಲ್ಲಿನ ನಿವಾಸಿಗಳು ಮಾಡಿದ ಆವಿಷ್ಕಾರಕ್ಕೆ ಹೊರಗೆ ಅರ್ಜಿ ಹಾಕುವ ಮೊದಲು ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಅನುಮತಿ ಪಡೆಯಬೇಕು. ತೆರಿಗೆಯಲ್ಲೂ ಒಕ್ಕಣೆಯ ಪಾತ್ರವಿದೆ. 2024ರ ಸೆಪ್ಟೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆ ಅನುದಾನದಿಂದ ನಡೆಯುವ ಸಂಶೋಧನೆಗೆ ಅರ್ಹ ಸಂಸ್ಥೆಗಳ ಮಟ್ಟಿಗೆ ವಿನಾಯಿತಿ ಕೊಡಲು ಶಿಫಾರಸು ಮಾಡಿತು. ಅದೇ ಕೆಲಸವನ್ನು ‘ಸಲಹಾ ಶುಲ್ಕ’ ಎಂದು ಬರೆದರೆ ಆ ವಿನಾಯಿತಿಯ ಮೇಲೆ ಭರವಸೆ ಇಡಲಾಗದು. ಒಪ್ಪಂದಕ್ಕೆ ಹೆಸರಿಡುವ ಮೊದಲು ಲೆಕ್ಕಪರಿಶೋಧಕರ ಜೊತೆ ಕೂರಬೇಕು.

ಇನ್ನು ಗೇಟಿನ ಮಾತು. ಈಗ ಅನೇಕ ಕಂಪನಿಗಳ ಸ್ವಾಗತ ಕೋಣೆಯಲ್ಲಿ ಕಾಗದವೂ ಇರುವುದಿಲ್ಲ. ಟ್ಯಾಬ್ಲೆಟ್ ಪರದೆ ಮುಂದಿರುತ್ತದೆ. ಹೆಸರು, ಫೋನ್ ನಂಬರ್, ಒಂದು ಫೋಟೋ, ಕೆಳಗೆ ‘ಒಪ್ಪಿದ್ದೇನೆ’ ಎಂಬ ಗುಂಡಿ. ಆ ಗುಂಡಿಯ ಹಿಂದೆ ನಾಲ್ಕು ಪುಟ ಕರಾರು ಇರಬಹುದು, ಅದರಲ್ಲಿ ಒಡೆತನದ ಸಾಲೂ ಇರಬಹುದು. ಕಂಪನಿ ಜೊತೆ ಕೆಲಸಕ್ಕೆ ಹೋಗುವ ಪ್ರತಿ ವಿದ್ಯಾರ್ಥಿಗೂ ಮುಖ್ಯ ಒಪ್ಪಂದದ ಸಂಖ್ಯೆ ನಮೂದಿಸಿದ ಒಂದು ಪುಟದ ಪತ್ರ ಕೊಟ್ಟು ಕಳಿಸಬೇಕು: ‘ಇವರ ಪ್ರವೇಶ ಈ ಸಂಖ್ಯೆಯ ಒಪ್ಪಂದಕ್ಕೆ ಒಳಪಟ್ಟಿದೆ, ಗೋಪ್ಯತೆ ಮತ್ತು ಸುರಕ್ಷತೆಯ ಹೊರತು ಬೇರಾವ ಷರತ್ತಿಗೂ ಸಹಿ ಹಾಕುವ ಅಧಿಕಾರ ಇವರಿಗಿಲ್ಲ.’ ಪರದೆಯಲ್ಲಿ ‘ಆವಿಷ್ಕಾರ’, ‘ವರ್ಗಾವಣೆ’ ಎಂಬ ಪದ ಕಂಡರೆ ಗುಂಡಿ ಒತ್ತದೆ, ಅದರ ಫೋಟೋ ತೆಗೆದು ತಮ್ಮ ಸಂಸ್ಥೆಯ ತಂತ್ರಜ್ಞಾನ ವರ್ಗಾವಣೆ ಕಚೇರಿಗೆ ಕಳಿಸಬೇಕು. ಅಲ್ಲಿಂದ ಉತ್ತರ ಬರುವ ತನಕ ಹೊರಗಿನ ಕುರ್ಚಿಯಲ್ಲಿ ಕಾಯಬೇಕು, ಅರ್ಧ ದಿನ ಹೋದರೂ ಸರಿ.